ನೈಸಿಯಾದಲ್ಲಿ ಕೈ ಎತ್ತಿಸಿ ಬೈಬಲ್ ಪಾಸ್ ಮಾಡಿದ್ರಂತೆ, ನಿಜಾನಾ?

ಕಟ್ಟೆಪುರಾಣ:
ನಿನ್ನೆ ಆಫೀಸ್ ಕ್ಯಾಂಟೀನಲ್ಲಿ ಊಟಕ್ಕೆ ಕೂತಾಗ ಶುರುವಾದ ಜಗಳ, ಇನ್ನೂ ಮುಗಿದಿಲ್ಲ. ಪಕ್ಕದ ಟೀಮಿನ ಒಬ್ರು ಹೇಳಿದ್ದು ಹೀಗೆ: 325ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾ ಅನ್ನೋ ಊರಿಗೆ ಬಿಷಪ್‌ಗಳ್ನೆಲ್ಲ ಕರೆಸಿ, ಎಂಬತ್ತು ಸುವಾರ್ತೆ (ಯೇಸುವಿನ ಕಥೆ ಹೇಳೋ ಪುಸ್ತಕ) ಮೇಜಿನ ಮೇಲೆ ಗುಡ್ಡೆ ಹಾಕಿ, ಕೈ ಎತ್ತಿಸಿ ನಾಲ್ಕನ್ನ ಪಾಸ್ ಮಾಡಿ ಮಿಕ್ಕಿದ್ದನ್ನ ಸುಡಿಸಿಬಿಟ್ಟ. ನಾನು ಓದಿದ್ದು ಸಿಸ್ಟರ್‌ಗಳು ನಡೆಸೋ ಸ್ಕೂಲಲ್ಲೇ, ಹತ್ತು ವರ್ಷ ದಿನಾ ಬೆಳಿಗ್ಗೆ ಪ್ರೇಯರ್ ಹೇಳಿದೀನಿ, ಆದ್ರೂ ಎದುರು ಮಾತಾಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ, ಸುಮ್ನೆ ಸಾರು ಕಲಸ್ಕೊಂಡು ಕೂತೆ. ಗೊತ್ತಿರೋರು ಹೇಳಿ, ಇದು ಶಾಸ್ತ್ರ ಇದು ಅಲ್ಲ ಅಂತ ಯಾರು, ಯಾವಾಗ, ಯಾವ ಲೆಕ್ಕದ ಮೇಲೆ ತೀರ್ಮಾನ ಮಾಡಿದ್ದು? ವಾಟ್ಸಾಪ್ ಫಾರ್ವರ್ಡ್ ಬೇಡ, ಅದು ಆಗ್ಲೇ ಮೂರು ಗ್ರೂಪಲ್ಲಿ ಬಂದಿದೆ.

ಮೌನಿಬಾಬಾ:
ಕಡ್ಲೆಕಾಯಿ ತಗೊಂಡು ಕೂತಿದೀನಿ, ಶುರು ಮಾಡಿ.

ಓಲೆಗರಿ:
ನೈಸಿಯಾ ಸಭೆ ನಡೆದಿದ್ದು ನಿಜ, ಕಾನ್‌ಸ್ಟಂಟೈನ್ ಕರೆದಿದ್ದೂ ನಿಜ. ಅಷ್ಟೇ ನಿಜ. ಅಲ್ಲಿ ಗಲಾಟೆ ಆಗಿದ್ದು ಆರಿಯಸ್ ಅನ್ನೋ ಅಲೆಕ್ಸಾಂಡ್ರಿಯದ ಪಾದ್ರಿ ಬಗ್ಗೆ, ಮಗ ಅಂದ್ರೆ ಯೇಸು, ತಂದೆ ಅಂದ್ರೆ ದೇವರಿಗೆ ಸಮಾನನಾ ಇಲ್ಲ ತಂದೆ ಸೃಷ್ಟಿ ಮಾಡಿದವನಾ ಅಂತ. ಜೊತೆಗೆ ಈಸ್ಟರ್ ಯಾವತ್ತು ಆಚರಿಸ್ಬೇಕು ಅಂತ. ಸಭೆ ಹೊರಡಿಸಿದ 20 ನಿಯಮಗಳು ಇವತ್ತಿಗೂ ಓದೋಕೆ ಸಿಗ್ತವೆ, ಪಾದ್ರಿಗಳು ಬಡ್ಡಿಗೆ ಸಾಲ ಕೊಡಬಾರ್ದು ಅಂತಿದೆ, ಭಾನುವಾರ ಮಂಡಿ ಊರಿ ಪ್ರಾರ್ಥನೆ ಮಾಡಬಾರ್ದು ಅಂತಿದೆ, ಯಾವ ಪುಸ್ತಕ ಒಳಗೆ ಯಾವುದು ಹೊರಗೆ ಅಂತ ಒಂದು ಗೆರೆಯೂ ಇಲ್ಲ.

ಆ ಮೇಜಿನ ಕಥೆ ಬಂದಿದ್ದು ಸಿನೋಡಿಕಾನ್ ವೆಟಸ್ ಅಂತ ಒಂಬತ್ತನೇ ಶತಮಾನದ ಒಂದು ಗ್ರೀಕ್ ಪುಸ್ತಕದಿಂದ, ಅಂದ್ರೆ ಸಭೆ ಆಗಿ ಐನೂರು ವರ್ಷ ಕಳೆದ್ಮೇಲೆ. ಅದರಲ್ಲೂ ಕೈ ಎತ್ತೋದೇನೂ ಇಲ್ಲ, ಎಲ್ಲಾ ಪುಸ್ತಕ ಬಲಿಪೀಠದ ಹತ್ರ ಇಟ್ಟು ಪ್ರಾರ್ಥನೆ ಮಾಡಿದ್ರಂತೆ, ಸಾಚಾ ಪುಸ್ತಕ ಮೇಲೆ ಬಂದ್ವಂತೆ ಖೋಟಾ ಕೆಳಗೆ ಹೋದ್ವಂತೆ. ವಾಲ್ಟೇರ್ ಇದನ್ನಿಟ್ಕೊಂಡು ಚೆನ್ನಾಗಿ ಗೇಲಿ ಮಾಡ್ದ, ಅಲ್ಲಿಂದ ಊರೆಲ್ಲ ಹಬ್ತು. ಆಮೇಲೆ ಬಂದ ಒಂದು ಥ್ರಿಲ್ಲರ್ ಕಾದಂಬರಿ ಅದಕ್ಕೆ ಎಂಬತ್ತು ಅನ್ನೋ ನಂಬರ್ ಅಂಟಿಸ್ತು.

ಸಂಶಯಪಿಶಾಚಿ:
ಸರಿ ನೈಸಿಯಾ ಅಲ್ಲ. ಆದ್ರೆ ಕೊನೆಗೆ ಅಧಿಕಾರ ಇದ್ದೋರೇ ತಾನೆ ಡಿಸೈಡ್ ಮಾಡಿದ್ದು? ಗೆದ್ದೋರ ಪುಸ್ತಕ ಉಳೀತು, ಸೋತೋರದ್ದು ಹೋಯ್ತು. ಊರು ಬದಲಾದ್ರೂ ಕಥೆ ಒಂದೇ.

ಕಡಲಕರೆ:
ನಾವು ಮಂಗಳೂರಿನ ಸಿಎಸ್ಐ ಚರ್ಚಿನ ಪ್ರೊಟೆಸ್ಟಂಟರು ಮಾರಾಯ್ರೆ, ಅಜ್ಜನ ಕಾಲದಿಂದ ಬಾಸೆಲ್ ಮಿಷನ್. ನಮ್ಮ ಸತ್ಯವೇದದಲ್ಲಿ 66 ಪುಸ್ತಕ ಉಂಟು. ಇದಕ್ಕೊಂದು ಚರಿತ್ರೆ ಉಂಟು, ಇದೂ ಒಂದು ಕಾಲದಲ್ಲಿ ಪಟ್ಟಿಯಾಗಿ ತಯಾರಾದದ್ದು ಅಂತ ನನಗೆ ಗೊತ್ತಾದದ್ದು ತಮ್ಮನ ಮದುವೆಯಲ್ಲಿ. ಹುಡುಗಿ ಕಡೆಯವರು ಕ್ಯಾಥೊಲಿಕ್, ಅವರ ಇಗರ್ಜಿಯಲ್ಲೇ ಮದುವೆ. ಒಂದು ವಾಚನ ನೀನು ಓದು ಅಂತ ನನಗೆ ಚೀಟಿ ಕೊಟ್ಟರು, ಚೀಟಿಯಲ್ಲಿ "ತೋಬಿತ 8" ಅಂತ ಬರೆದಿದೆ. ಮನೆಗೆ ಬಂದು ಪ್ರಾಕ್ಟೀಸ್ ಮಾಡುವ ಅಂತ ಅಮ್ಮನ ಸತ್ಯವೇದ ತೆಗೆದೆ, ಆದಿಕಾಂಡದಿಂದ ಪ್ರಕಟನೆವರೆಗೆ ಎರಡು ಸಲ ಹುಡುಕಿದೆ, ತೋಬಿತನೂ ಇಲ್ಲ ಗೀಬಿತನೂ ಇಲ್ಲ. ಪುಟ ಹರಿದು ಹೋಗಿದೆ ಅಂತ ಅಮ್ಮನಿಗೆ ಬೈದೆ ಕೂಡ! ಆಮೇಲೆ ಹುಡುಗಿಯ ಸೋದರಮಾವ ನಗಾಡಿ ಅವರ ಬೈಬಲ್ ಕಳಿಸಿದರು.

ದೀಪದಕಂಬ:
ಕಡಲಕರೆ ಅವ್ರೇ, ನಮ್ಮ ಕ್ಯಾಥೊಲಿಕ್ ಬೈಬಲಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರು ಎಲ್ಲಾ ಇದ್ದಾರೆ. ನಿಮ್ಮೋರು ತೆಗೆದ್ರು ಅಂತ ನಾವು ಹೇಳ್ತೀವಿ, ನಾವು ಸೇರಿಸಿದ್ವಿ ಅಂತ ನೀವು ಹೇಳ್ತೀರ 😀

ಕಡಲಕರೆ:
ಹೇಳುವುದೇನು, ನೀವು ಸೇರಿಸಿದ್ದೇ. ನಿಮ್ಮ ಬಿಷಪ್ಪರ ಟ್ರೆಂಟ್ ಸಭೆಯಲ್ಲಿ, 1546ರಲ್ಲಿ.

ದೀಪದಕಂಬ:
ಟ್ರೆಂಟಲ್ಲಿ ಮಾಡಿದ್ದು ಮೊದ್ಲಿಂದ ಓದ್ತಿದ್ದ ಪಟ್ಟಿಗೆ ಮೊಹರು ಒತ್ತೋ ಕೆಲಸ. 393ರ ಹಿಪ್ಪೋ ಸಭೆ, 397ರ ಕಾರ್ಥೇಜ್ ಸಭೆಯ ಪಟ್ಟೀಲೇ ತೋಬಿತ ಇದ್ದ.

ಓಲೆಗರಿ:
ಇಬ್ರೂ ಸ್ವಲ್ಪ ನಿಲ್ಲಿ, 66-73ರ ಜಗಳ ಹಳೇ ಒಡಂಬಡಿಕೆದು, ಅಂದ್ರೆ ಯೇಸುವಿಗಿಂತ ಮುಂಚಿನ ಭಾಗದ್ದು. ಯೆಹೂದ್ಯರ ಹೀಬ್ರೂ ಸಂಗ್ರಹ ಹಿಡೀಬೇಕಾ, ತೋಬಿತ ಎಲ್ಲಾ ಇರೋ ದೊಡ್ಡ ಗ್ರೀಕ್ ಅನುವಾದ ಹಿಡೀಬೇಕಾ ಅನ್ನೋದು. ಬೈಬಲ್ ಅನುವಾದ ಮಾಡಿದ ಜೆರೋಮ್ ಹೀಬ್ರೂ ಕಡೆ ಎಳೆದ, ಬಿಷಪ್ ಅಗಸ್ಟಿನ್ ಗ್ರೀಕ್ ಕಡೆ. ಮೂಲ ಪ್ರಶ್ನೆ ಇರೋದು ಹೊಸ ಒಡಂಬಡಿಕೆಯ 27 ಪುಸ್ತಕದ ಬಗ್ಗೆ, ಅದರಲ್ಲಿ ನಿಮ್ಮಿಬ್ರಿಗೂ ಜಗಳ ಇಲ್ಲ.

ಸಂಶಯಪಿಶಾಚಿಗೆ: ಅಧಿಕಾರದ ವಾದ ಒಪ್ಪೋಣ ಅಂದ್ರೆ ತಾರೀಖು ಕೂಡಿಬರಲ್ಲ. ಕ್ರೈಸ್ತರಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 313ರಲ್ಲಿ. ಸುವಾರ್ತೆ ನಾಲ್ಕೇ, ಹೆಚ್ಚೂ ಅಲ್ಲ ಕಮ್ಮಿನೂ ಅಲ್ಲ ಅಂತ ಐರೇನಿಯಸ್ ಬರ್ದಿದ್ದು ಸುಮಾರು 180ರಲ್ಲಿ, ಈಗಿನ ಫ್ರಾನ್ಸಿನ ಲಿಯೋನ್ ಊರಲ್ಲಿ. ಅವನಿಗಿಂತ ಮುಂಚೆ ಆ ಊರಿನ ಬಿಷಪ್ ಆಗಿದ್ದ ಪೊಥಿನಸ್ ತೊಂಬತ್ತು ದಾಟಿದ ಮುದುಕ, 177ರಲ್ಲಿ ಹೊಡೆಸ್ಕೊಂಡು ಜೈಲಲ್ಲೇ ಸತ್ತ. ಅಂಥ ಗುಂಪಿಗೆ ಏನ್ ಅಧಿಕಾರ ಇತ್ತು ಹೇಳಿ. ಐರೇನಿಯಸ್ ಕೊಟ್ಟ ಕಾರಣ ಮಾತ್ರ ನಗು ಬರೋ ಹಾಗಿದೆ, ದಿಕ್ಕು ನಾಲ್ಕು ಗಾಳಿ ನಾಲ್ಕು ಆದ್ರಿಂದ ಸುವಾರ್ತೆನೂ ನಾಲ್ಕು ಅಂತ. ಆದ್ರೆ ಗಮನಿಸಿ, ಹೊಸದಾಗಿ ನಾಲ್ಕನ್ನ ಆರಿಸೋನು ಹಾಗೆ ವಾದ ಮಾಡಲ್ಲ. ನಾಲ್ಕು ಆಗ್ಲೇ ಕೈಯಲ್ಲಿದೆ, ಯಾಕೆ ನಾಲ್ಕು ಅಂತ ಯಾರೋ ಕೇಳಿದ್ರು, ಆಮೇಲೆ ಕಾರಣ ಹುಡುಕಿದ.

ಮೌನಿಬಾಬಾ:
ನಮ್ಮ ಮ್ಯಾನೇಜರ್ ಅಪ್ರೈಸಲ್ ಬರೆಯೋದೂ ಹಿಂಗೇ.

ಕಟ್ಟೆಪುರಾಣ:
ಹಾಗಾದ್ರೆ ಪಟ್ಟಿ ಮಾಡ್ಬೇಕು ಅಂತ ಮೊದ್ಲು ಯಾರಿಗೆ ಅನ್ಸಿದ್ದು?

ಓಲೆಗರಿ:
ನಮಗೆ ಗೊತ್ತಿರೋ ಹಾಗೆ ಮೊದ್ಲ ಪಟ್ಟಿ ಮಾಡಿದೋನು ಕ್ರೈಸ್ತ ಸಭೆ, ಅಂದ್ರೆ ಚರ್ಚ್, ಹೊರಗೆ ಹಾಕಿದ ಮನುಷ್ಯ. ಮಾರ್ಸಿಯನ್, ಕಪ್ಪು ಸಮುದ್ರದ ದಡದ ಸಿನೋಪ್ ಊರಿನ ಹಡಗು ವ್ಯಾಪಾರಿ. ರೋಮ್‌ಗೆ ಬಂದು ಅಲ್ಲಿನ ಸಭೆಗೆ ಎರಡು ಲಕ್ಷ ಸೆಸ್ಟರ್ಸ್ ದಾನ ಕೊಟ್ಟ. ಆಮೇಲೆ ಯೆಹೂದ್ಯರ ದೇವ್ರು ಬೇರೆ, ಯೇಸುವಿನ ತಂದೆ ಬೇರೆ ಅಂತ ಶುರು ಮಾಡ್ದ. ಹಳೇ ಒಡಂಬಡಿಕೆ ಪೂರ್ತಿ ಕೈಬಿಟ್ಟ, ಲೂಕನ ಸುವಾರ್ತೆ ಒಂದನ್ನೇ ಇಟ್ಕೊಂಡು ಅದರಲ್ಲೂ ಬೇಡದ ಭಾಗ ಕತ್ತರಿಸಿದ, ಅಪೊಸ್ತಲ ಪೌಲನ ಹತ್ತು ಪತ್ರ ಇಟ್ಕೊಂಡ. 144ರಲ್ಲಿ ಅವನನ್ನ ಹೊರಗೆ ಹಾಕಿದ್ರು, ದುಡ್ಡು ಪೂರ್ತಿ ವಾಪಸ್ ಕೊಟ್ರು.

ಸಂಶಯಪಿಶಾಚಿ:
ದುಡ್ಡು ವಾಪಸ್ ಕೊಟ್ರಾ?! ಇದೊಂದು ಪವಾಡ ನಾನು ಒಪ್ತೀನಿ.

ಜೋಳದರೊಟ್ಟಿ:
ನಾ ಧಾರವಾಡ ಕಡೆ ಮಾಸ್ತರ, ರಿಟೈರ್ ಆಗೇನಿ. ಇದನ್ನ ಓದಿದ್ರ ನನಗ ವಚನದ ನೆನಪಾಗ್ತದ ನೋಡ್ರಿ. ಕೊನಿಗೆ "ಕೂಡಲಸಂಗಮದೇವಾ" ಅಂತ ಅಂಕಿತ ಹಾಕಿಬಿಟ್ರ ಅದು ಬಸವಣ್ಣನವರ ವಚನ ಆಗಿಬಿಡ್ತದೇನು? ಯಾರೋ ಹಿಂದಿಂದ ಬರದು ಸೇರಿಸ್ಯಾರ, ಪ್ರಕ್ಷಿಪ್ತ ಯಾವುದು ಅಂತ ಪಂಡಿತರು ಇನ್ನೂ ಗುದ್ದಾಡಾಕತ್ತಾರ. ಇವರಲ್ಲಿ ಪೌಲನ ಹೆಸರಿಲೆ ಬರದವ್ರು ಇರಲಿಲ್ಲೇನು?

ಓಲೆಗರಿ:
ಮೇಷ್ಟ್ರೇ, ಸಾಲು ಸಾಲಾಗಿ ಇದ್ರು! ಒಬ್ಬ ಸಿಕ್ಕಿಹಾಕ್ಕೊಂಡ ಕಥೆ ತೆರ್ತುಲಿಯನ್ ಅನ್ನೋ ಆ ಕಾಲದ ಕ್ರೈಸ್ತ ಲೇಖಕ ಬರೆದಿಟ್ಟಿದ್ದಾನೆ. ಏಷ್ಯಾ ಪ್ರಾಂತ್ಯ ಅಂದ್ರೆ ಈಗಿನ ಟರ್ಕಿ ಕಡೆ ಒಬ್ಬ ಪಾದ್ರಿ ಪೌಲ ಮತ್ತು ಥೆಕ್ಲಾ ಕಥೆ ಬರೆದ. ಯಾಕಪ್ಪಾ ಬರೆದೆ ಅಂದ್ರೆ "ಪೌಲನ ಮೇಲಿನ ಪ್ರೀತಿಗೆ" ಅಂದನಂತೆ. ಕೆಲಸ ಹೋಯ್ತು.

ಮಲ್ಲಿಗೆಮೊಗ್ಗು:
ಅರ್ಧ ಕಥೆ ಹೇಳಿದ್ರಿ. ತೆರ್ತುಲಿಯನ್‌ಗೆ ಉರಿದಿದ್ದು ಖೋಟಾ ಅಂತ ಮಾತ್ರ ಅಲ್ಲ. ಆ ಕಥೆಯಲ್ಲಿ ಥೆಕ್ಲಾ ಮದುವೆ ಬೇಡ ಅಂತ ಮನೆ ಬಿಡ್ತಾಳೆ, ಕಾಡುಮೃಗಗಳ ಮುಂದೆ ಅವಳನ್ನ ಎಸೆದಾಗ ಕಡಲುನಾಯಿಗಳಿದ್ದ ನೀರಿನ ಗುಂಡಿಗೆ ಹಾರಿ ತನಗೆ ತಾನೇ ದೀಕ್ಷಾಸ್ನಾನ ಮಾಡ್ಕೊತಾಳೆ, ಆಮೇಲೆ ಊರೂರು ಬೋಧನೆ ಮಾಡ್ತಾಳೆ. ಥೆಕ್ಲಾ ಮಾಡಿದ್ಳಲ್ಲ ನಾವ್ಯಾಕೆ ದೀಕ್ಷೆ ಕೊಡಬಾರ್ದು ಅಂತ ಹೆಂಗಸರು ಕೇಳೋಕೆ ಶುರು ಮಾಡಿದ್ರು, ಅದಕ್ಕೇ ತೆರ್ತುಲಿಯನ್ ಆ ಪಾದ್ರಿ ವಿಷಯ ಎತ್ತಿದ್ದು. ಯಾವ ಪುಸ್ತಕ ಹೊರಗೆ ಹೋಯ್ತು ಅಂತ ನೋಡುವಾಗ ಅದರಿಂದ ಯಾರಿಗೆ ತೊಂದ್ರೆ ಆಗ್ತಿತ್ತು ಅಂತಾನೂ ನೋಡಿ.

ಮೌನಿಬಾಬಾ:
ಕಡಲುನಾಯಿ?? ರೋಮನ್ನರು ಅದನ್ನ ಎಲ್ಲಿಂದ ಹಿಡ್ಕೊಂಡು ಬಂದ್ರು

ಮಲ್ಲಿಗೆಮೊಗ್ಗು:
ಇಷ್ಟೆಲ್ಲಾ ಬರೆದಿದ್ರಲ್ಲಿ ನಿಮಗೆ ಸಿಕ್ಕಿದ್ದು ಅದೊಂದೇನಾ.

ದೀಪದಕಂಬ:
ನಾನು ನಮ್ಮ ದೇವಾಲಯದಲ್ಲಿ ಭಾನುವಾರದ ಬಲಿಪೂಜೇಲಿ ವಾಚನ ಓದ್ತೀನಿ, ಹದಿನೆಂಟು ವರ್ಷ ಆಯ್ತು. ನಂಗೆ ಯಾವಾಗ್ಲೂ ಅನ್ಸೋದು, ಆ ಕಾಲದಲ್ಲಿ ಪುಸ್ತಕ ಮನೇಲಿ ಇಟ್ಕೊಂಡು ಓದೋರು ಎಷ್ಟು ಜನ? ಜನಕ್ಕೆ ಶಾಸ್ತ್ರ ಅಂದ್ರೆ ಕಿವಿಗೆ ಬೀಳೋದು. ಭಾನುವಾರ ಎದ್ದು ನಿಂತು ಜೋರಾಗಿ ಓದೋಕೆ ಯಾವ ಪುಸ್ತಕ ತರ್ತಿದ್ರೋ ಅದೇ ಶಾಸ್ತ್ರ.

ಓಲೆಗರಿ:
ನೀವು ಹೇಳಿದ್ದೇ ವಿಷಯದ ನಡು. ಸುಮಾರು 155ರಲ್ಲಿ ಜಸ್ಟಿನ್ ಅನ್ನೋ ಕ್ರೈಸ್ತ ಲೇಖಕ ರೋಮ್‌ನಲ್ಲಿ ಬರೀತಾನೆ, ಭಾನುವಾರ ಎಲ್ರೂ ಸೇರ್ತೀವಿ, ಅಪೊಸ್ತಲರ ನೆನಪಿನ ಬರಹ ಅಥವಾ ಪ್ರವಾದಿಗಳ ಬರಹ ಸಮಯ ಇರೋ ತನಕ ಓದ್ತೀವಿ ಅಂತ. ಇನ್ನೊಂದು, ಮುರಾತೋರಿ ತುಣುಕು ಅನ್ನೋ ಹಳೇ ಪುಸ್ತಕಪಟ್ಟಿ. 1740ರಲ್ಲಿ ಮುರಾತೋರಿ ಅನ್ನೋ ಇಟಲಿಯ ವಿದ್ವಾಂಸ ಮಿಲಾನ್ ಲೈಬ್ರರಿ ಹಸ್ತಪ್ರತಿಯಿಂದ ಅಚ್ಚು ಹಾಕಿಸಿದ 85 ಸಾಲು, ತಲೆನೂ ಇಲ್ಲ ಬಾಲನೂ ಇಲ್ಲ, ಲ್ಯಾಟಿನ್ ಅಂತೂ ಕೇಳಲೇಬೇಡಿ, ನಕಲು ಮಾಡಿದೋನಿಗೆ ವ್ಯಾಕರಣ ಬರ್ತಿರ್ಲಿಲ್ಲ ಅನ್ಸುತ್ತೆ. ಮೂಲ ಎರಡನೇ ಶತಮಾನದ ಕೊನೆದು ಅಂತ ಹಲವರು, ನಾಲ್ಕನೇದು ಅಂತ ಕೆಲವರು. ಅದರಲ್ಲಿ ಪ್ರತಿ ಪುಸ್ತಕಕ್ಕೂ ಕೇಳೋ ಪ್ರಶ್ನೆ "ಸಭೆಯಲ್ಲಿ ಓದಬಹುದಾ" ಅಂತ. ಪೇತ್ರನ ಹೆಸರಲ್ಲಿರೋ ಪ್ರಕಟನೆ ಬಗ್ಗೆ, ನಮ್ಮಲ್ಲಿ ಕೆಲವರಿಗೆ ಅದನ್ನ ಸಭೇಲಿ ಓದೋದು ಇಷ್ಟ ಇಲ್ಲ ಅಂತಾನೆ. ಮಾರ್ಸಿಯನ್ ಕಡೆಯವರು ಪೌಲನ ಹೆಸರಲ್ಲಿ ಹುಟ್ಟಿಸಿದ ಪತ್ರಗಳ ಬಗ್ಗೆ, ಜೇನಿಗೆ ಪಿತ್ತ ಬೆರೆಸಬಾರ್ದು ಅಂತಾನೆ.

ಸಂಶಯಪಿಶಾಚಿ:
ಜನ ಓದಿದ್ದೇ ಶಾಸ್ತ್ರ ಅನ್ನೋದಾದ್ರೆ ಹರ್ಮಾಸನ "ಕುರುಬ" ಅನ್ನೋ ದರ್ಶನಗಳ ಪುಸ್ತಕ ಯಾಕೆ ಒಳಗಿಲ್ಲ? ಈಜಿಪ್ಟಿನ ಮರಳಲ್ಲಿ ಸಿಕ್ಕಿರೋ ಎರಡನೇ ಮೂರನೇ ಶತಮಾನದ ಪಪೈರಸ್ ಚೂರುಗಳಲ್ಲಿ ಮಾರ್ಕನಿಗಿಂತ ಹರ್ಮಾಸನೇ ಜಾಸ್ತಿ. ನಿಮ್ಮ ಐರೇನಿಯಸ್ಸೇ ಅದನ್ನ ಶಾಸ್ತ್ರ ಅಂತ ಕರೀತಾನೆ. ಸಿನಾಯ್ ಬೆಟ್ಟದ ಮಠದಲ್ಲಿ ಸಿಕ್ಕ ಆ ಪ್ರಸಿದ್ಧ ನಾಲ್ಕನೇ ಶತಮಾನದ ಬೈಬಲ್ ಹಸ್ತಪ್ರತಿಯಲ್ಲೂ ಕೊನೇಲಿ ಬರ್ನಬನ ಪತ್ರ, ಹರ್ಮಾಸ್ ಎರಡೂ ಇದ್ದಾವೆ. ನಾನೂ ಸ್ವಲ್ಪ ಓದ್ಕೊಂಡೇ ಬಂದಿದೀನಿ ಸ್ವಾಮಿ.

ಓಲೆಗರಿ:
ಒಪ್ದೆ, ಒಳ್ಳೇ ಏಟು. ಓದಿದ್ದು ಮಾತ್ರ ಸಾಕಾಗ್ಲಿಲ್ಲ, ಹಳೇದೂ ಆಗಿರ್ಬೇಕಿತ್ತು. ಮುರಾತೋರಿ ತುಣುಕಲ್ಲೇ ಹರ್ಮಾಸ್ ಬಗ್ಗೆ ಕಾರಣ ಇದೆ: ಇದನ್ನ ಬರೆದಿದ್ದು ಮೊನ್ನೆ ಮೊನ್ನೆ, ನಮ್ಮ ಕಾಲದಲ್ಲೇ, ಅವನ ಅಣ್ಣತಮ್ಮ ಪಿಯುಸ್ ರೋಮ್‌ನ ಬಿಷಪ್ ಆಗಿದ್ದಾಗ. ಮನೇಲಿ ಓದ್ಕೊಳ್ಳಿ ಪರ್ವಾಗಿಲ್ಲ, ಸಭೇಲಿ ಅಪೊಸ್ತಲರ ಸಾಲಲ್ಲಿ ಕೂರಿಸಬೇಡಿ ಅಂತ.

ಕೊಟ್ಟಾಯಂ_ಕೋರಮಂಗಲ:
ಕನ್ನಡ ಟೈಪಿಂಗ್ ತಪ್ಪಿದ್ರೆ ಕ್ಷಮಿಸಿ, ಬೆಂಗ್ಳೂರಿಗೆ ಬಂದು 22 ವರ್ಷ. ನಾವು ಕೇರಳದ ಸಿರಿಯನ್ ಕ್ರೈಸ್ತರು. ನೀವೆಲ್ಲಾ 27, 27 ಅಂತಿದೀರ. ನಮ್ಮ ಹಳೇ ಸಿರಿಯಾಕ್ ಬೈಬಲ್ ಪೆಶಿತ್ತಾದಲ್ಲಿ ಹೊಸ ಒಡಂಬಡಿಕೆ 22 ಪುಸ್ತಕ ಮಾತ್ರ! 2 ಪೇತ್ರ, 2 ಯೋಹಾನ, 3 ಯೋಹಾನ, ಯೂದ, ಪ್ರಕಟನೆ ಇಲ್ಲ. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಲ್ಲಿ ಸಭೆ ಕರೆದಾಗ, ನಿಮ್ಮ ಪುಸ್ತಕದಲ್ಲಿ ಇಂತಿಂಥದ್ದು ಇಲ್ಲ ಸೇರಿಸ್ಕೊಳ್ಳಿ ಅಂತ ಪಟ್ಟಿ ಮಾಡಿ ಆರ್ಡರ್ ಹಾಕಿದ್ರು. ವ್ಯಭಿಚಾರದಲ್ಲಿ ಸಿಕ್ಕ ಹೆಂಗಸಿನ ಕಥೆ, ಯೋಹಾನ 8, ಅದೂ ನಮ್ಮಲ್ಲಿ ಇಲ್ಲ ಅಂತ ಅದರಲ್ಲಿ ಬರೆದಿದೆ. ಅಂದ್ರೆ ಅಥನೇಸಿಯಸ್ ಪತ್ರ ಬರೆದು ಸಾವಿರದ ಇನ್ನೂರು ವರ್ಷ ಆದ್ಮೇಲೂ ಮಲಬಾರಿಗೆ ಸುದ್ದಿ ಬಂದಿರ್ಲಿಲ್ಲ 😄

ಕಟ್ಟೆಪುರಾಣ:
ಈ ಅಥನೇಸಿಯಸ್ ಯಾರು, ಯಾವ ಪತ್ರ? ಎಲ್ರೂ ಗೊತ್ತಿರೋ ಥರ ಹೇಳ್ತಿದೀರ.

ಓಲೆಗರಿ:
ಅಲೆಕ್ಸಾಂಡ್ರಿಯದ ಬಿಷಪ್. ಅಲ್ಲಿನ ಬಿಷಪ್ ವರ್ಷಾ ವರ್ಷ ಈಸ್ಟರ್ ತಾರೀಖು ತಿಳಿಸಿ ಈಜಿಪ್ಟಿಗೆಲ್ಲ ಸುತ್ತೋಲೆ ಕಳಿಸೋ ಪದ್ಧತಿ. 367ರ ಸುತ್ತೋಲೆಯಲ್ಲಿ, ಅದು ಅವನ 39ನೇದು, ಶಾಸ್ತ್ರಗ್ರಂಥ ಯಾವ್ಯಾವು ಅಂತ ಪಟ್ಟಿ ಕೊಟ್ಟ. ಇವತ್ತಿನ 27ನ್ನ ಹೆಚ್ಚುಕಮ್ಮಿ ಇಲ್ದೆ ಹೇಳೋ ಪಟ್ಟಿಗಳಲ್ಲಿ ನಮಗೆ ಸಿಕ್ಕಿರೋದರಲ್ಲಿ ಅದೇ ಮೊದ್ಲು. ಪಂಚಾಂಗದ ಜೊತೆ ಬಂದ ಪಟ್ಟಿ ಅನ್ನಿ. ತಮಾಷೆ ಏನಂದ್ರೆ ಅದೇ ಪತ್ರದಲ್ಲಿ ಎಸ್ತೇರಳ ಪುಸ್ತಕ ಹಳೇ ಒಡಂಬಡಿಕೆ ಪಟ್ಟೀಲಿ ಇಲ್ಲ, ಹರ್ಮಾಸ್ ಜೊತೆ "ಹೊಸಬರಿಗೆ ಓದೋಕೆ ಒಳ್ಳೇದು" ಗುಂಪಲ್ಲಿದೆ. ಮತ್ತೆ ಈ ಮನುಷ್ಯನನ್ನ ಚಕ್ರವರ್ತಿಗಳು ಐದು ಸಲ ಗಡೀಪಾರು ಮಾಡಿದಾರೆ, ಅರಮನೆ ಕೈಗೊಂಬೆ ಅನ್ನೋಕಾಗಲ್ಲ.

ಸಂಶಯಪಿಶಾಚಿ:
ಆದ್ರೆ ಅರಮನೆ ದುಡ್ಡಲ್ಲಿ ಬೈಬಲ್ ತಯಾರಾಗಿದ್ದು ಸುಳ್ಳಾ? ಕಾನ್‌ಸ್ಟಂಟೈನ್ 50 ಪ್ರತಿ ಆರ್ಡರ್ ಮಾಡಿದ್ದ.

ಓಲೆಗರಿ:
ಮಾಡಿದ್ದ, ನೈಸಿಯಾ ಆದ್ಮೇಲೆ, ಹೊಸ ರಾಜಧಾನಿಯ ಚರ್ಚುಗಳಿಗೆ ಅಂತ ಯುಸೇಬಿಯಸ್ ಅನ್ನೋ ಬಿಷಪ್‌ಗೆ ಪತ್ರ ಬರೆದ. ಒಳ್ಳೇ ಚರ್ಮದ ಹಾಳೆ, ಓದೋಕೆ ಸುಲಭ ಇರ್ಬೇಕು, ನುರಿತ ಬರಹಗಾರರು ಬರೀಬೇಕು, ಸಾಗಿಸೋಕೆ ಎರಡು ಸರ್ಕಾರಿ ಗಾಡಿ ತಗೊಳ್ಳಿ, ಇಷ್ಟೆಲ್ಲಾ ಇದೆ. ಯಾವ್ಯಾವ ಪುಸ್ತಕ ಇರ್ಬೇಕು ಅಂತ ಪತ್ರದಲ್ಲಿ ಪಟ್ಟಿ ಇಲ್ಲ. ಇನ್ನು ಈ ಯುಸೇಬಿಯಸ್ ತನ್ನ ಚರಿತ್ರೆ ಪುಸ್ತಕದಲ್ಲಿ ಪುಸ್ತಕಗಳನ್ನ ಗುಡ್ಡೆ ಮಾಡಿ ಇಡ್ತಾನೆ, ಎಲ್ರೂ ಒಪ್ಪಿದ್ದು, ತಕರಾರು ಇರೋದು, ಖೋಟಾ. ಯಾಕೋಬ, ಯೂದ, 2 ಪೇತ್ರ, 2-3 ಯೋಹಾನ ತಕರಾರಲ್ಲಿ. ಪ್ರಕಟನೆಯನ್ನ "ಸರಿ ಅನ್ಸಿದ್ರೆ" ಅಂತ ಒಪ್ಪಿದ್ದರಲ್ಲೂ ಹಾಕಿ, "ಸರಿ ಅನ್ಸಿದ್ರೆ" ಅಂತ ಖೋಟಾದಲ್ಲೂ ಹಾಕ್ತಾನೆ!

ಮೌನಿಬಾಬಾ:
ಎರಡೂ ಪಾರ್ಟಿ ಟಿಕೆಟ್ ಇಟ್ಕೊಂಡಿರೋನು.

ಕಡಲಕರೆ:
ನಮ್ಮ ಪ್ರೊಟೆಸ್ಟಂಟ್ ಪಂಗಡ ಶುರು ಮಾಡಿದ ಲೂಥರನಿಗೂ ಅದೇ ತಲೆಬಿಸಿ ಇತ್ತು. 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ನಾಲ್ಕನ್ನೂ ಕೊನೆಗೆ ತಳ್ಳಿದ, ಪರಿವಿಡಿಯಲ್ಲಿ ನಂಬರ್ ಕೂಡ ಕೊಡ್ಲಿಲ್ಲ. ಯಾಕೋಬನದ್ದು ಒಣಹುಲ್ಲಿನ ಪತ್ರ ಅಂದ. ನಮ್ಮ ಸಂಡೇಸ್ಕೂಲಲ್ಲಿ ಲೂಥರನ ಬಗ್ಗೆ ನಾಟಕ ಮಾಡಿಸಿದ್ದರು, ಇದನ್ನು ಮಾತ್ರ ಹೇಳಿರಲಿಲ್ಲ.

ಓಲೆಗರಿ:
ಇಬ್ರಿಯರ ಪತ್ರದ ಬಗ್ಗೆ ಒರಿಗೆನ್ ಅನ್ನೋ ಪಂಡಿತ ಮೂರನೇ ಶತಮಾನದಲ್ಲೇ ಕೈ ಚೆಲ್ಲಿದ್ದ, ಬರೆದೋರು ಯಾರು ಅಂತ ದೇವರಿಗೇ ಗೊತ್ತು ಅಂತ.

ಜೋಳದರೊಟ್ಟಿ:
ಓಲೆಗರಿಯವ್ರ, ಒಂದು ಕೇಳ್ತೀನಿ. ಪಂಡಿತರು ಬಿಷಪ್ಪರು ಏನರ ಬರಕೊಳ್ಳಲಿ, ಸಣ್ಣ ಊರಾಗಿನ ಮಂದಿ ಕಡೆ ಏನ್ ಪುಸ್ತಕ ಇದ್ವು ಅಂತ ತಿಳಿಯೂದು ಹ್ಯಾಂಗ?

ಓಲೆಗರಿ:
ಮೇಷ್ಟ್ರೇ, ಇದಕ್ಕೆ ಒಂದು ದಾಖಲೆ ಇದೆ, ನಂಗೆ ಇಡೀ ವಿಷಯದಲ್ಲಿ ತುಂಬಾ ಕಾಡೋದು ಅದೇ. 303ರಲ್ಲಿ ಡಯೊಕ್ಲೀಷನ್ ಚಕ್ರವರ್ತಿ ಕ್ರೈಸ್ತರ ಪುಸ್ತಕ ವಶಪಡಿಸಿ ಸುಡಿ ಅಂತ ಆಜ್ಞೆ ಹೊರಡಿಸಿದ. ಆ ವರ್ಷ ಮೇ 19ಕ್ಕೆ ಉತ್ತರ ಆಫ್ರಿಕಾದ ಸಿರ್ತಾ ಊರಲ್ಲಿ, ಈಗಿನ ಅಲ್ಜೀರಿಯಾ, ನಗರದ ಅಧಿಕಾರಿ ಗುಮಾಸ್ತನನ್ನ ಕರ್ಕೊಂಡು ಕ್ರೈಸ್ತರು ಸೇರೋ ಮನೆಗೆ ಬಂದ. ಜಪ್ತಿ ಪಂಚನಾಮೆ ಥರ ಒಂದೊಂದೂ ಬರೆಸಿದ್ದಾನೆ: ಚಿನ್ನದ ಬಟ್ಟಲು 2, ಬೆಳ್ಳಿ ಬಟ್ಟಲು 6, ಹೆಂಗಸರ ಅಂಗಿ 82, ಹೆಂಗಸರ ಚಪ್ಪಲಿ 47 ಜೊತೆ. ಬಡವರಿಗೆ ಹಂಚೋಕೆ ಇಟ್ಟಿದ್ದು ಇರ್ಬೇಕು. ಪುಸ್ತಕದ ಕೋಣೆಗೆ ಹೋದ್ರೆ ಕಪಾಟು ಖಾಲಿ. ಒಬ್ಬ ಉಪಸೇವಕ (ಪಾದ್ರಿಗಳ ಕೈಕೆಳಗೆ ಕೆಲಸ ಮಾಡೋನು) ಒಂದೇ ಒಂದು ದಪ್ಪ ಪುಸ್ತಕ ತಂದು ಕೊಟ್ಟ. ಇಷ್ಟೇನಾ ಅಂದ್ರೆ, ಪುಸ್ತಕ ಇರೋದು ಸಭೇಲಿ ಜೋರಾಗಿ ಓದಿ ಹೇಳೋರ ಹತ್ರ ಅಂದ. ಅವರ ಮನೆ ತೋರ್ಸು ಅಂದ್ರೆ, ನಾವು ದ್ರೋಹಿಗಳಲ್ಲ, ಬೇಕಾದ್ರೆ ಕೊಲ್ಲಿಸಿ ಅಂದ್ರು. ಅವರನ್ನ ಹಿಡಿದು ಒಳಗೆ ಹಾಕಿದ್ರು.

ಆಮೇಲೆ ಮನೆ ಮನೆ ಸುತ್ತಾಟ. ಯುಜೀನಿಯಸ್ ಮನೇಲಿ 4 ಪುಸ್ತಕ. ಫೆಲಿಕ್ಸ್, ಬಣ್ಣದ ಕಲ್ಲು ಜೋಡಿಸೋ ಕೆಲಸದವನು, 5. ವಿಕ್ಟೋರಿನಸ್ 8. ಪ್ರೊಯೆಕ್ಟಸ್ ದೊಡ್ಡದು 5 ಸಣ್ಣದು 2. ವಿಕ್ಟರ್ ಅನ್ನೋ ವ್ಯಾಕರಣದ ಮೇಷ್ಟ್ರು 2 ಪುಸ್ತಕ, ಹೊಲಿಯದೇ ಇರೋ 4 ಕಟ್ಟು. ಇನ್ನೊಬ್ಬ ಮನೇಲಿರ್ಲಿಲ್ಲ, ಹೆಂಡತಿ 6 ತಂದು ಕೊಟ್ಟಳು, ಇನ್ನೂ ಇದೆಯಾ ನೋಡಿ ಅಂತ ಆಳು ಕಳಿಸಿ ಮನೆ ಜಾಲಾಡಿಸಿದ್ರು.

ಒಬ್ಬೊಬ್ಬರ ಮನೇಲಿ ನಾಲ್ಕು ಐದು ಎಂಟು. ಇಡೀ ಬೈಬಲ್ ಒಂದೇ ರಟ್ಟಲ್ಲಿ ಇಟ್ಕೊಂಡ ಕಾಲ ಅಲ್ಲ ಅದು. ಪೊಲೀಸ್ ಬಾಗಿಲು ತಟ್ಟಿದಾಗ ಯಾವುದನ್ನ ಕೊಟ್ಟು ಕಳಿಸಬಹುದು, ಯಾವುದಕ್ಕೆ ಪ್ರಾಣ ಕೊಡ್ಬೇಕು ಅಂತ ಒಬ್ಬ ಕಲ್ಲು ಕೆಲಸದವನು ಹೊಸಿಲಲ್ಲಿ ನಿಂತು ಯೋಚನೆ ಮಾಡ್ಬೇಕಾದ್ರೆ, ಪಟ್ಟಿ ಅವನಿಗೆ ಬಿಷಪ್‌ಗಿಂತ ಜಾಸ್ತಿ ಬೇಕಾಗಿತ್ತು.

ಜೋಳದರೊಟ್ಟಿ:
ವ್ಯಾಕರಣದ ಮಾಸ್ತರನ ಮನ್ಯಾಗ ಹೊಲಿಯದ ಕಟ್ಟು. ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನ ಕುಂತೆ.

ಸಂಶಯಪಿಶಾಚಿ:
ಇದು ಚೆನ್ನಾಗಿದೆ, ಒಪ್ತೀನಿ. ಆದ್ರೆ ನೂರೈವತ್ತು ವರ್ಷ ಆದ್ಮೇಲೆ ಪುಸ್ತಕ ಕಿತ್ಕೊಳ್ಳೋ ಕೆಲಸ ಇವರೇ ಮಾಡಿದ್ರಲ್ಲ? ಸಿರಿಯಾದಲ್ಲಿ ಥಿಯೊಡೊರೆಟ್ ಬಿಷಪ್ ಐದನೇ ಶತಮಾನದಲ್ಲಿ ತನ್ನ ಊರುಗಳಿಂದ ತಾತಿಯನ್‌ನ ದಿಯತೆಸ್ಸರೋನ್ 200ಕ್ಕಿಂತ ಜಾಸ್ತಿ ಪ್ರತಿ ಕಲೆಹಾಕಿ ತೆಗೆಸಿದೆ ಅಂತ ತಾನೇ ಬರ್ಕೊಂಡಿದ್ದಾನೆ. ಜನ ಅದನ್ನ ಇನ್ನೂರೈವತ್ತು ವರ್ಷ ಓದ್ತಿದ್ರು. ನಾಲ್ಕು ಸುವಾರ್ತೆ ಸೇರಿಸಿ ಒಂದೇ ಕಥೆ ಮಾಡಿದ ಪುಸ್ತಕ, ಪಾಪ ಅದರಲ್ಲಿ ಏನ್ ವಿಷ ಇತ್ತು?

ಕೊಟ್ಟಾಯಂ_ಕೋರಮಂಗಲ:
ಇದು ನಿಜ. ಉದಯಂಪೇರೂರಲ್ಲೂ ಪುಸ್ತಕ ಸೇರಿಸಿದ್ದು ಮಾತ್ರ ಅಲ್ಲ, ಬೇಡ ಅಂದಿದ್ದು ಸುಟ್ರು. ನಮ್ಮ ಕಡೆ ಅದನ್ನ ಇನ್ನೂ ಮರೆತಿಲ್ಲ.

ಓಲೆಗರಿ:
ಸಂಶಯಪಿಶಾಚಿ ಅವ್ರೇ, ಈ ಪಾಯಿಂಟ್ ನಿಮ್ದು. ಪಟ್ಟಿ ಹುಟ್ಟಿದ್ದು ಅಧಿಕಾರದಿಂದ ಅಲ್ಲ, ಆದ್ರೆ ಪಟ್ಟಿಯ ಅಂಚು ಕತ್ತರಿಸಿ ನೆಟ್ಟಗೆ ಮಾಡೋವಾಗ ಅಧಿಕಾರ ಬಂದಿತ್ತು.

ದೀಪದಕಂಬ:
ಬಿಷಪ್‌ಗಳ ಮೇಲೆ ಎಲ್ಲಾ ಹಾಕ್ಬೇಡಿ, ಸೆರಾಪಿಯೋನ್ ಕಥೆನೂ ಹೇಳಿ. ಅಂತಿಯೋಕ್ಯದ ಧರ್ಮಾಧ್ಯಕ್ಷರು, 200ರ ಆಸುಪಾಸು. ರೋಸಸ್ ಅನ್ನೋ ಊರಿನೋರು ಪೇತ್ರನ ಶುಭಸಂದೇಶ, ಅಂದ್ರೆ ಸುವಾರ್ತೆ, ಅಂತ ಒಂದು ಪುಸ್ತಕ ಓದ್ತಿದ್ರು, ಜಗಳ ಆದಾಗ ಇವರು ಪುಸ್ತಕ ಓದದೇನೇ ಸರಿ ಓದ್ಕೊಳ್ಳಿ ಅಂದುಬಿಟ್ರು. ಆಮೇಲೆ ಒಂದು ಪ್ರತಿ ಎರವಲು ತಂದು ಓದಿ ನೋಡಿದ್ರೆ ಹೆಚ್ಚಿನದು ಸರಿ ಇದೆ, ಅಲ್ಲಲ್ಲಿ ಕೆಲವು ಮಾತು ಸೇರಿಸಿದಾರೆ. ಇದು ಬೇಡ, ನಾನೇ ಬರ್ತೀನಿ ಇರಿ ಅಂತ ಪತ್ರ ಬರೆದ್ರು.

ಮೌನಿಬಾಬಾ:
ಫೈಲ್ ಓದದೆ ಸೈನ್ ಹಾಕೋದು ಅವತ್ತಿಂದಾನೇ ಇದೆ ಅನ್ನಿ.

ಮಲ್ಲಿಗೆಮೊಗ್ಗು:
ಯೂದನ ಪತ್ರದ 14ನೇ ವಚನ ತೆಗೆದು ನೋಡಿ, ಹನೋಕ ಹೀಗೆ ಪ್ರವಾದನೆ ಮಾಡಿದ ಅಂತ ಹನೋಕನ ಪುಸ್ತಕದ ಮಾತನ್ನೇ ಎತ್ತಿ ಹೇಳ್ತಾನೆ. ಹೇಳಿದ ಯೂದ ಒಳಗೆ, ಹನೋಕ ಹೊರಗೆ. ಇಥಿಯೋಪಿಯಾದೋರು ಮಾತ್ರ ಹನೋಕನನ್ನೂ ಇಟ್ಕೊಂಡು 81 ಅಂತ ಎಣಿಸ್ತಾರೆ.

ಕಡಲಕರೆ:
66, 73, 81. ಇನ್ನು ಯಾರಾದರೂ ಹೊಸ ನಂಬರ್ ತಂದರೆ ನಾನು ಅಮ್ಮನ ಹತ್ತಿರ ಕ್ಷಮೆ ಕೇಳುವುದೇ ಸರಿ.

ಕಟ್ಟೆಪುರಾಣ:
ಇವತ್ತು ಊಟದ ಹೊತ್ತಿಗೆ ಆ ಪುಣ್ಯಾತ್ಮನಿಗೆ ನೈಸಿಯಾದ 20 ನಿಯಮದ ವಿಷಯ ಹೇಳಿದೆ, ಭಾನುವಾರ ಮಂಡಿ ಊರಬಾರ್ದು ಅನ್ನೋದನ್ನೂ ಹೇಳಿದೆ. ಸ್ವಲ್ಪ ಯೋಚನೆ ಮಾಡಿ "ಸರಿ, ಎಂಬತ್ತು ಅಲ್ಲ, ಹಾಗಾದ್ರೆ ಒಟ್ಟು ಎಷ್ಟಿದ್ವು" ಅಂದ್ರು. ಹೊರಗೆ ಉಳಿದ ಸುವಾರ್ತೆಗಳದ್ದು ಯಾರಾದ್ರೂ ಹೇಳ್ತೀರಾ? ನಾಳೆ ಒಂದು ಗಂಟೆ ಒಳಗೆ ಬೇಕು.